ಪಾತಾಳದ ಒಡೆಯನಿಗೂ ಸಂಬಳದ ದಿನ ಬರುತ್ತದೆ



ಕಂಪ್ಯೂಟರ್ ಆಟ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವವನು ಕತ್ತಿ ಹಿಡಿದ ವೀರ. ಅವನು ಕತ್ತಲೆಯ ಗುಹೆಗೆ ನುಗ್ಗುತ್ತಾನೆ, ರಾಕ್ಷಸರನ್ನು ಕೊಲ್ಲುತ್ತಾನೆ, ನಿಧಿಯನ್ನು ಹೊತ್ತು ಹೊರಗೆ ಬರುತ್ತಾನೆ. ಆದರೆ ಆ ಗುಹೆಯನ್ನು ತೋಡಿದವರು ಯಾರು? ರಾಕ್ಷಸರಿಗೆ ದಿನವೂ ಊಟ ಹಾಕುವವರು ಯಾರು? ಆ ನಿಧಿ ಅಲ್ಲಿಗೆ ಎಲ್ಲಿಂದ ಬಂತು? ಈ ಪ್ರಶ್ನೆಗಳಿಂದಲೇ ಹುಟ್ಟಿದ ಒಂದು ಬಗೆಯ ಆಟಗಳಿವೆ. ಅವುಗಳಲ್ಲಿ ನಾವು ವೀರರಲ್ಲ, ಗುಹೆಯ ಒಡೆಯರು. ಒಳಗೆ ನುಗ್ಗುವ ವೀರನೇ ನಮ್ಮ ಶತ್ರು.

ಅಂಥ ಮೂರು ಆಟಗಳನ್ನು ಇಲ್ಲಿ ಹೋಲಿಸಿ ನೋಡೋಣ. ಚಿತ್ರ ಚೆನ್ನಾಗಿದೆಯೇ, ಸದ್ದು ಜೋರಾಗಿದೆಯೇ ಎಂದು ಹೋಲಿಸುವುದು ಸುಲಭ. ನಾವು ಬೇರೊಂದು ಪ್ರಶ್ನೆಯನ್ನು ಇಟ್ಟುಕೊಳ್ಳೋಣ: ಈ ಆಟದಲ್ಲಿ ದುಡಿಯುವವರು ಯಾರು, ಅವರಿಗೆ ಸಿಗುವುದೇನು?

ಹುಲಿಯ ಕಡೆ ಕೂರುವುದು ನಮಗೆ ಹೊಸದಲ್ಲ

ಚದುರಂಗದಲ್ಲಿ ಎರಡೂ ಕಡೆಗೆ ಹದಿನಾರು ಹದಿನಾರು ಕಾಯಿಗಳು. ಪೂರ್ವ ಆಫ್ರಿಕಾದ ಬಾವೋ ಆಟದಲ್ಲಿಯೂ, ನಮ್ಮ ತುಳುನಾಡಿನ ಚೆನ್ನೆಮಣೆಯಲ್ಲಿಯೂ ಇಬ್ಬರಿಗೂ ಸಮನಾದ ಕುಳಿಗಳು. ಆದರೆ ನಮ್ಮ ಹಳ್ಳಿಗಳ ಹುಲಿ-ಕುರಿ ಆಟ ಹಾಗಲ್ಲ. ಅದರ ಒಂದು ರೂಪದಲ್ಲಿ ಒಬ್ಬರಿಗೆ ಮೂರೇ ಹುಲಿ, ಇನ್ನೊಬ್ಬರಿಗೆ ಹದಿನೈದು ಕುರಿ. ಕುರಿಯ ಮೇಲೆ ಹಾರಿ ಅದನ್ನು ಹೊಡೆಯುವುದು ಹುಲಿಯ ಕೆಲಸ. ಸುತ್ತುಗಟ್ಟಿ ಹುಲಿ ಅಲುಗಾಡದಂತೆ ಮಾಡುವುದು ಕುರಿಗಳ ಕೆಲಸ. ಒಂದು ಆಟ ಮುಗಿದ ಮೇಲೆ ಮಕ್ಕಳು ಪಕ್ಷ ಬದಲಿಸುತ್ತಾರೆ. ಹುಲಿಯಾಗಿ ಆಡಿದವರಿಗೆ ಕುರಿಗಳ ಸಾಲಿನಲ್ಲಿ ಎಲ್ಲಿ ಸಂದು ಬಿಡಬಾರದೆಂದು ಚೆನ್ನಾಗಿ ಗೊತ್ತಿರುತ್ತದೆ. ಹುಲಿಯಾಗಿ ಆಡಿದ ಮಾತ್ರಕ್ಕೆ ಯಾವ ಮಗುವೂ ಹುಲಿಯಾಗಲಿಲ್ಲ.

ಯಕ್ಷಗಾನದಲ್ಲಿಯೂ ಹಾಗೆಯೇ. ರಾಕ್ಷಸನ ಪಾತ್ರಕ್ಕೆ 'ಬಣ್ಣದ ವೇಷ' ಎಂದು ಹೆಸರು. ಆ ವೇಷ ಕಟ್ಟಲು ಕಲಾವಿದರು ಗಂಟೆಗಟ್ಟಲೆ ಕನ್ನಡಿಯ ಮುಂದೆ ಕೂರುತ್ತಾರೆ. ಹತ್ತನೆಯ ಶತಮಾನದ ಕವಿ ರನ್ನ ತನ್ನ ಗದಾಯುದ್ಧದಲ್ಲಿ ದುರ್ಯೋಧನನ ಛಲವನ್ನೂ ದುಃಖವನ್ನೂ ಓದುಗರ ಮನ ಕರಗುವಂತೆ ಚಿತ್ರಿಸಿದ್ದಾನೆ. ಎದುರು ಪಕ್ಷದ ಒಳಗೆ ಹೊಕ್ಕು ನೋಡುವುದು ಕನ್ನಡಿಗರಿಗೆ ಹಳೆಯ ಅಭ್ಯಾಸ.

ಮೊದಲನೆಯ ಆಟ: ಡಂಜನ್ ಕೀಪರ್

1997ರಲ್ಲಿ ಇಂಗ್ಲೆಂಡಿನ ಬುಲ್‌ಫ್ರಾಗ್ ಕಂಪನಿ ಈ ಆಟವನ್ನು ಹೊರತಂದಿತು. ಇದರ ರೂವಾರಿ ಪೀಟರ್ ಮಾಲಿನ್ಯೂ. ಈ ಬಗೆಯ ಆಟಗಳಿಗೆ ಇದೇ ಮೂಲಪುರುಷ ಎನ್ನಬಹುದು. ಆಟಗಾರ ಇಲ್ಲಿ ಒಂದು 'ಕೈ' ಮಾತ್ರ. ಆ ಕೈಯಿಂದ ಎಲ್ಲಿ ತೋಡಬೇಕೆಂದು ಗುರುತು ಹಾಕುತ್ತಾನೆ. ಇಂಪ್ ಎಂಬ ಕುಳ್ಳ ಮರಿದೆವ್ವಗಳು ಮಣ್ಣು ತೋಡಿ ಚಿನ್ನ ತಂದು ಖಜಾನೆಗೆ ಹಾಕುತ್ತವೆ.

ಇನ್ನು ಕಾದಾಡುವ ರಾಕ್ಷಸರು ಬೇಕಲ್ಲ? ಅವರು ಕರೆದೊಡನೆ ಬರುವವರಲ್ಲ. ಮಲಗಲು ಜಾಗ ಇರಬೇಕು, ತಿನ್ನಲು ಕೋಳಿ ಸಾಕುವ ಕೋಣೆ ಇರಬೇಕು. ಮಾಂತ್ರಿಕನಿಗೆ ಪುಸ್ತಕಾಲಯ ಬೇಕು. ನೊಣಗಳಿಗೂ ಜೇಡಗಳಿಗೂ ಹುಟ್ಟುಹಗೆ. ಅವನ್ನು ಒಂದೇ ಕಡೆ ಮಲಗಿಸಿದರೆ ಜಗಳ. ಆಗಾಗ 'ಸಂಬಳದ ದಿನ' ಬರುತ್ತದೆ. ಅಂದು ಪ್ರತಿಯೊಬ್ಬ ರಾಕ್ಷಸನೂ ಖಜಾನೆಗೆ ನಡೆದು ಹೋಗಿ ತನ್ನ ಪಾಲಿನ ಚಿನ್ನ ಎಣಿಸಿಕೊಳ್ಳುತ್ತಾನೆ. ಚಿನ್ನ ಸಾಲದಿದ್ದರೆ ಸಿಟ್ಟಾಗುತ್ತಾನೆ, ಕೊನೆಗೆ ಗುಹೆಯನ್ನೇ ಬಿಟ್ಟು ಹೊರಟುಹೋಗುತ್ತಾನೆ. ಒಡೆಯನ ಕೈ ಯಾರಿಗೆ ಬೇಕಾದರೂ ಒಂದು ಏಟು ಕೊಡಬಹುದು. ಏಟು ತಿಂದವನು ಸ್ವಲ್ಪ ಹೊತ್ತು ಬೇಗ ಬೇಗ ಕೆಲಸ ಮಾಡುತ್ತಾನೆ. ಆದರೆ ಅವನ ಆರೋಗ್ಯವೂ ಸಂತೋಷವೂ ಕುಂದುತ್ತವೆ.

ಎಷ್ಟೇ ಕೆಟ್ಟವನಾದರೂ ಒಡೆಯನಿಗೆ ಊಟ, ಹಾಸಿಗೆ, ಸಂಬಳ ಈ ಮೂರರ ಲೆಕ್ಕ ತಪ್ಪುವಂತಿಲ್ಲ. ಇದೇ ಈ ಆಟದ ಹಾಸ್ಯ, ಇದೇ ಇದರ ಪಾಠ.

ಎರಡನೆಯ ಆಟ: ಈವಿಲ್ ಜೀನಿಯಸ್

2004ರಲ್ಲಿ ಲಂಡನ್ನಿನ ಎಲಿಕ್ಸರ್ ಸ್ಟುಡಿಯೋಸ್ ತಯಾರಿಸಿದ ಈ ಆಟದಲ್ಲಿ ರಾಕ್ಷಸರಿಲ್ಲ. 1960ರ ದಶಕದ ಗೂಢಚಾರ ಸಿನಿಮಾಗಳ ಖಳನಾಯಕ ಒಂದು ದ್ವೀಪದ ಬೆಟ್ಟದೊಳಗೆ ಅಡ್ಡೆ ಕಟ್ಟುತ್ತಾನೆ. ಮೇಲೆ ಪ್ರವಾಸಿಗರಿಗೆ ಹೋಟೆಲು, ಒಳಗೆ ಜಗತ್ತನ್ನೇ ಹೆದರಿಸುವ ಯಂತ್ರ. ಹೊರದೇಶಗಳಿಗೆ ಆಳುಗಳನ್ನು ಕಳುಹಿಸಿ ಕದ್ದು ತರಿಸಿದಷ್ಟೂ ಅವನ ಮೇಲೆ ಸರ್ಕಾರಗಳ ಕಣ್ಣು ಬೀಳುತ್ತದೆ, ಪತ್ತೇದಾರರು ದ್ವೀಪಕ್ಕೆ ಬರುತ್ತಾರೆ.

ಇಲ್ಲಿಯ ಆಳುಗಳಿಗೆ ಆರೋಗ್ಯದ ಜೊತೆಗೆ ನಿಷ್ಠೆ, ಗಮನ, ಬುದ್ಧಿ, ತ್ರಾಣ ಎಂಬ ಅಳತೆಗಳಿವೆ. ಕೆಲಸ ಮಾಡಿದಂತೆ ಇವು ಇಳಿಯುತ್ತವೆ. ವಿಶ್ರಾಂತಿ, ಊಟ, ಮನರಂಜನೆ ಸಿಕ್ಕರೆ ಏರುತ್ತವೆ. ಖಳನಾಯಕ ಒಬ್ಬ ಆಳನ್ನು ಎಲ್ಲರೆದುರು ಕೊಂದರೆ ಸುತ್ತಲಿದ್ದವರ ನಿಷ್ಠೆ ಥಟ್ಟನೆ ಏರುತ್ತದೆ. ಡಂಜನ್ ಕೀಪರ್‌ನ ಏಟಿಗಿಂತ ಇದು ಘೋರ. ಆದರೆ ಲೆಕ್ಕ ಹಾಕಿ: ತರಬೇತಿ ಕೊಟ್ಟ ಒಬ್ಬ ಕೆಲಸಗಾರ ಶಾಶ್ವತವಾಗಿ ಹೋದ, ಉಳಿದವರ ಭಯ ಮಾತ್ರ ಸ್ವಲ್ಪ ಹೊತ್ತಿನದು. ಇದನ್ನೇ ನೆಚ್ಚಿಕೊಂಡವನ ಅಡ್ಡೆ ಬರಿದಾಗುತ್ತದೆ.

ಈ ಕಂಪನಿಯನ್ನು ಸ್ಥಾಪಿಸಿದವರು ಡೆಮಿಸ್ ಹಸಾಬಿಸ್. ಬಾಲ್ಯದಲ್ಲೇ ಚದುರಂಗದ ಪ್ರತಿಭೆ. ಹದಿಹರೆಯದಲ್ಲೇ ಬುಲ್‌ಫ್ರಾಗ್‌ನಲ್ಲಿ 'ಥೀಮ್ ಪಾರ್ಕ್' ಆಟಕ್ಕೆ ದುಡಿದವರು. 2005ರಲ್ಲಿ ಎಲಿಕ್ಸರ್ ಮುಚ್ಚಿತು. 2010ರಲ್ಲಿ ಅವರು ಗೆಳೆಯರೊಡನೆ ಡೀಪ್‌ಮೈಂಡ್ ಆರಂಭಿಸಿದರು. ಪ್ರೋಟೀನುಗಳ ಆಕಾರವನ್ನು ಕಂಪ್ಯೂಟರಿನಿಂದ ಊಹಿಸುವ ಕೆಲಸಕ್ಕಾಗಿ 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಮೂರನೆಯ ಆಟ: ಡಂಜನ್ಸ್

2011ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ರಿಯಲ್ಮ್‌ಫೋರ್ಜ್ ತಂಡ ಮಾಡಿದ್ದು. ಇಲ್ಲಿ ಲೆಕ್ಕ ತಲೆಕೆಳಗು. ಬಂದ ವೀರನನ್ನು ಕೂಡಲೇ ಹೊಡೆದರೆ ಲಾಭವಿಲ್ಲ. ಅವನಿಗೆ ಚಿನ್ನ ಸಿಗಬೇಕು, ಆಯುಧ ಸಿಗಬೇಕು, ಒಂದೆರಡು ಸಣ್ಣ ಗೆಲುವೂ ಸಿಗಬೇಕು. ಅವನ ಮನಸ್ಸು ತುಂಬಿದ ಮೇಲೆ ಹಿಡಿದರೆ ಅವನಿಂದ ಹೆಚ್ಚು 'ಆತ್ಮಶಕ್ತಿ' ದೊರೆಯುತ್ತದೆ. ಅಂದರೆ ಕೊಬ್ಬಿಸಿ ಹಿಡಿಯುವ ತಂತ್ರ. ಒಡೆಯನ ಗಮನ ತನ್ನ ಆಳುಗಳಿಗಿಂತ ಬಂದ ಗಿರಾಕಿಯ ಮೇಲೆಯೇ ಇರುತ್ತದೆ.

ಒಂದೇ ನೋಟದಲ್ಲಿ ಹೋಲಿಕೆ

ಡಂಜನ್ ಕೀಪರ್: ಆಳನ್ನು ಉಳಿಸಿಕೊಳ್ಳುವುದು ಸಂಬಳ ಮತ್ತು ಸೌಕರ್ಯ. ಖಜಾನೆ ಬರಿದಾದರೆ ಸೈನ್ಯ ಕರಗುತ್ತದೆ.

ಈವಿಲ್ ಜೀನಿಯಸ್: ಆಳನ್ನು ಉಳಿಸಿಕೊಳ್ಳುವುದು ವಿಶ್ರಾಂತಿ, ತರಬೇತಿ ಮತ್ತು ಭಯ. ದುರಾಸೆ ಹೆಚ್ಚಾದಷ್ಟೂ ಪತ್ತೇದಾರರು ಹೆಚ್ಚು.

ಡಂಜನ್ಸ್: ಗಿರಾಕಿಯನ್ನು ಸಂತೋಷಪಡಿಸಿ ದೋಚುವುದೇ ವ್ಯಾಪಾರ. ಹೊತ್ತು ತಪ್ಪಿ ಹಿಡಿದರೆ ನಷ್ಟ.

ಆಟಗಾರನೇ ಆಳಾದಾಗ

2014ರ ಆರಂಭದಲ್ಲಿ ಡಂಜನ್ ಕೀಪರ್ ಹೆಸರಿನಲ್ಲೇ ಮೊಬೈಲ್ ಫೋನಿಗೆ ಒಂದು ಆಟ ಬಂತು. ಇಳಿಸಿಕೊಳ್ಳಲು ಕಾಸಿರಲಿಲ್ಲ. ಆದರೆ ಕೆಲವು ಗಟ್ಟಿ ಮಣ್ಣಿನ ಚೌಕಗಳನ್ನು ತೋಡಲು 24 ಗಂಟೆ ಕಾಯಬೇಕಿತ್ತು. ಕಾಯಲಾಗದಿದ್ದರೆ 'ರತ್ನ'ಗಳನ್ನು ಖರ್ಚು ಮಾಡಬೇಕಿತ್ತು. ರತ್ನಗಳನ್ನು ನಿಜವಾದ ಹಣ ಕೊಟ್ಟು ಕೊಳ್ಳಬೇಕಿತ್ತು. ಮೊದಲ ಆಟದ ರೂವಾರಿ ಮಾಲಿನ್ಯೂ ಅವರೇ ಇದನ್ನು ಮೆಚ್ಚಲಿಲ್ಲ. ಆ ಆಟದ 'ಉಚಿತ' ಎಂಬ ಜಾಹೀರಾತು ದಾರಿ ತಪ್ಪಿಸುವಂಥದ್ದು ಎಂದು 2014ರ ಜುಲೈಯಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ತೀರ್ಪು ನೀಡಿತು. ಹಳೆಯ ಆಟದ ಅಭಿಮಾನಿಗಳ ಹಣದ ನೆರವಿನಿಂದ 'ವಾರ್ ಫಾರ್ ದಿ ಓವರ್‌ವರ್ಲ್ಡ್' ಎಂಬ ಬೇರೆಯೇ ಆಟ 2015ರಲ್ಲಿ ಬಂತು.

ಈಗ ನಮ್ಮ ಪ್ರಶ್ನೆಯನ್ನು ಮತ್ತೆ ಕೇಳಿ. ಮೊಬೈಲ್ ಆಟದಲ್ಲಿ ದುಡಿಯುವವರು ಯಾರು? ಗಂಟೆಗಟ್ಟಲೆ ಕಾದು, ಕರೆದಾಗಲೆಲ್ಲ ಫೋನು ತೆರೆದು, ಕೊನೆಗೆ ಹಣವನ್ನೂ ಕೊಡುವವನು ಆಟಗಾರ. ಒಡೆಯನ ಕುರ್ಚಿ ನಮ್ಮದೆಂದು ನಂಬಿಸಿ, ನಮ್ಮ ಕೈಗೆ ಗುದ್ದಲಿ ಕೊಟ್ಟ ಹಾಗಾಯಿತು.

ಲೆಕ್ಕಕ್ಕೆ ಬಾರದವರು

ಮೊದಲನೆಯ ಆಟದ ಇಂಪ್‌ಗಳನ್ನು ಮರೆಯಬಾರದು. ರಾಕ್ಷಸರಿಗೆ ಸಂಬಳವುಂಟು, ಇಂಪ್‌ಗಳಿಗೆ ಇಲ್ಲ. ಊಟವಿಲ್ಲ, ಹಾಸಿಗೆಯಿಲ್ಲ. ಹಗಲಿರುಳು ತೋಡುವುದೊಂದೇ. ಆಟ ಸರಾಗವಾಗಿ ಸಾಗಲೆಂದು ಅವುಗಳನ್ನು ಹಾಗೆ ಮಾಡಿದ್ದಾರೆ, ತಪ್ಪಿಲ್ಲ. ಆದರೆ ಪರದೆಯ ಹೊರಗೆ ಇಂಪ್ ಎಂಬ ಜೀವಿ ಇಲ್ಲ. ಸೌತ್ ಬಿಯಲ್ಲಿ ಬೆಳಗಾಗುವ ಹೊತ್ತಿಗೆ ಮುಕುರು ಕಡೆಯಿಂದ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಗಳಿಗೆ ನಡೆದು ಹೋಗುವ ಜನರನ್ನು ನೋಡಿದ್ದೀರಿ. ರಾತ್ರಿಯಿಡೀ ಗೇಟು ಕಾಯುವ ಅಸ್ಕಾರಿ, ನಮ್ಮ ಪಾತ್ರೆ ತೊಳೆಯುವ ಆಂಟಿ, ಶಾಲೆಯ ಬಸ್ಸಿನ ಚಾಲಕ, ಇವರೆಲ್ಲರಿಗೂ ಹಸಿವಿದೆ, ನಿದ್ದೆಯಿದೆ, ತಿಂಗಳ ಕೊನೆಯಿದೆ, ಮನೆಯಲ್ಲಿ ಫೀಸು ಕಟ್ಟಬೇಕಾದ ಮಕ್ಕಳಿದ್ದಾರೆ. ಸಂಬಳ ಎರಡು ದಿನ ತಡವಾದರೆ ಪಾತಾಳದ ರಾಕ್ಷಸ ಗುಹೆ ಬಿಟ್ಟು ಹೋಗಬಲ್ಲ. ಇವರಲ್ಲಿ ಅನೇಕರಿಗೆ ಹಾಗೆ ಹೋಗಲು ಬೇರೆ ಜಾಗವಿಲ್ಲ. ಆದ್ದರಿಂದ ಆ ದಿನದ ಲೆಕ್ಕ ನಮಗೆ ಆಟದ ಒಡೆಯನಿಗಿಂತ ಚೆನ್ನಾಗಿ ನೆನಪಿರಬೇಕು.

ಪೋಷಕರಿಗೆ ಒಂದು ಮಾತು

ಈ ಆಟಗಳಲ್ಲಿ ಸೆರೆಮನೆ, ಚಿತ್ರಹಿಂಸೆಯ ಕೋಣೆಗಳೂ ಇವೆ. ಎಲ್ಲ ವಯಸ್ಸಿನವರಿಗೂ ಇವು ತಕ್ಕವಲ್ಲ. ಆಟದ ಮೇಲೆ ಮುದ್ರಿಸಿದ ವಯಸ್ಸಿನ ಸೂಚನೆಯನ್ನು ಮೊದಲು ನೋಡಿ. ಫೋನಿನಲ್ಲಿ ಹಣ ಕೊಡುವ ಗುಪ್ತಸಂಖ್ಯೆ ಮಕ್ಕಳ ಕೈಗೆ ಸಿಗದಿರಲಿ. ಎಂಪೆಸಾ ಇರುವ ನಮ್ಮ ಊರಿನಲ್ಲಿ ಹಣದ ಚೀಲವೂ ಆಟದ ಸಾಮಾನೂ ಒಂದೇ ಪೆಟ್ಟಿಗೆಯಲ್ಲಿವೆ. "ಇಂಥ ಕೆಟ್ಟ ಆಟ ಯಾಕೆ?" ಎಂದು ಗದರಿಸುವ ಬದಲು ಪಕ್ಕದಲ್ಲಿ ಕುಳಿತು "ಇವರಿಗೆ ಸಂಬಳ ಯಾರು ಕೊಡುತ್ತಾರೆ?" ಎಂದು ಕೇಳಿ. ಮಾತು ತಾನಾಗಿ ಮುಂದುವರಿಯುತ್ತದೆ.

ಮಾಡಿ ನೋಡಿ

1. ಕಾಗದದ ಮೇಲೆ ಹುಲಿ-ಕುರಿ ಮನೆ ಬರೆದು ತಂದೆ, ತಾಯಿ ಅಥವಾ ಅಜ್ಜಿಯೊಡನೆ ಎರಡೂ ಪಕ್ಷಗಳಿಂದ ಆಡಿ. ಯಾವ ಪಕ್ಷ ಕಷ್ಟ? ಏಕೆ?

2. ನೀವು ಆಡುವ ಒಂದು ಆಟವನ್ನು ಆರಿಸಿ. ಅದರಲ್ಲಿ ಸಂಬಳವಿಲ್ಲದೆ ದುಡಿಯುವವರು ಯಾರೆಂದು ಐದು ವಾಕ್ಯಗಳಲ್ಲಿ ಬರೆಯಿರಿ.

3. ನಿಮ್ಮ ಮನೆಗೆ ಅಥವಾ ಶಾಲೆಗೆ ದುಡಿಯುವ ಒಬ್ಬರನ್ನು ಅವರ ದಿನ ಎಷ್ಟು ಗಂಟೆಗೆ ಆರಂಭವಾಗುತ್ತದೆ ಎಂದು ವಿನಯದಿಂದ ಕೇಳಿ ತಿಳಿಯಿರಿ.