ಹಾಡುವುದು ಬೇಗ, ತಮ್ಮಾ, ಷೋ ಆಮೇಲೆ

ತಮ್ಮಾ, ನಿನ್ನೆ ನಾಗಪುರದ ಸಿವಿಲ್ ಲೈನ್ಸ್‌ನ ವಸಂತರಾವ್ ದೇಶಪಾಂಡೆ ಸಭಾಗೃಹದ ಮುಂದೆ ನಿಂತು, "ಕಾಕಾ, ಮುಂದಿನ ತಿಂಗಳು ಇಲ್ಲೇ ನಮ್ಮ ಬ್ಯಾಂಡಿನ ಷೋ" ಅಂದೆಯಲ್ಲ, ನನಗೆ ಖುಷಿಯೂ ಆಯಿತು, ಎದೆಯೂ ನಡುಗಿತು. ನೀನು ವ್ಯಸನಮುಕ್ತಿ ಕೇಂದ್ರದಿಂದ ಬಂದು ಇನ್ನೂ ಏಳೇ ವಾರ.

ಆ ಸಭಾಗೃಹಕ್ಕೆ ಯಾರ ಹೆಸರಿದೆಯೋ ಆ ಗಾಯಕ ವಸಂತರಾಯರ ಗೆಳೆಯರು ನಮ್ಮ ಗದಗ ಸೀಮೆಯ ಭೀಮಸೇನ ಜೋಶಿ. ಅವರನ್ನೂ ಕುಡಿತ ಕಾಡಿತ್ತು. 1970ರ ದಶಕದ ಕೊನೆಯ ಹೊತ್ತಿಗೆ ಅದರಿಂದ ಹೊರಬಂದರು. 1988ರಲ್ಲಿ 'ಮಿಲೇ ಸುರ್' ಹಾಡು ಶುರುವಾದದ್ದೇ ಅವರ ದನಿಯಿಂದ, 2008ರಲ್ಲಿ ಭಾರತರತ್ನ ಘೋಷಣೆಯಾಯಿತು. ಬಿಟ್ಟ ಮೇಲೆ ಅವರಿಗೆ ಎಷ್ಟೊಂದು ವರ್ಷಗಳ ಹಾಡು ಸಿಕ್ಕಿತು ನೋಡು.

ನಿನ್ನ ಕೋಣೆಯ ಗೋಡೆಯ ಮೇಲಿರುವವನು ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್. ಅವನ ಕಥೆ ನಿನಗೆ ಅರ್ಧವೇ ಗೊತ್ತು. ಹೆರಾಯಿನ್‌ಗೆ ಬಿದ್ದು ಮನೆಯೊಳಗೆ ಅಡಗಿದ್ದವನನ್ನು 1973ರ ಜನವರಿಯಲ್ಲಿ ಗೆಳೆಯರು ಲಂಡನ್ನಿನ ರೇನ್‌ಬೋ ರಂಗಮಂದಿರಕ್ಕೆ ಕರೆತಂದು ಹಾಡಿಸಿದರು. ಚಪ್ಪಾಳೆ ಬಿತ್ತು, ಚಟ ಬಿಡಲಿಲ್ಲ. ಮರುವರ್ಷ ಹೆರಾಯಿನ್ ಬಿಟ್ಟ; '461 ಓಷನ್ ಬುಲೆವಾರ್ಡ್' ಆಲ್ಬಂ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೇರಿತು. ಕ್ಲಾಪ್ಟನ್ ಮರಳಿದ ಅಂದರು ಎಲ್ಲರೂ. ಆದರೆ ಆ ಖಾಲಿ ಜಾಗದಲ್ಲಿ ಬಾಟಲಿ ಬಂದು ಕೂತಿತ್ತು. 1982ರಲ್ಲಿ ಚಿಕಿತ್ಸೆಗೆ ಹೋದ, ಮತ್ತೆ ಜಾರಿದ, 1987ರಲ್ಲಿ ಎರಡನೇ ಸಲ ಹೋದ. ಆಗಲೇ ಗಟ್ಟಿಯಾಗಿ ನಿಂತದ್ದು. 1991ರಲ್ಲಿ ನಾಲ್ಕು ವರ್ಷದ ಮಗ ಕಿಟಕಿಯಿಂದ ಬಿದ್ದು ತೀರಿಕೊಂಡಾಗಲೂ ಅವನು ಕುಡಿಯಲಿಲ್ಲ. ಹೆಸರು ಮೇಲೆದ್ದ 1974ಕ್ಕೂ ಮನುಷ್ಯ ಮೇಲೆದ್ದ 1987ಕ್ಕೂ ನಡುವೆ ಹದಿಮೂರು ವರ್ಷ! ಆ ಹದಿಮೂರು ವರ್ಷವನ್ನು ನೀನು ಕಳೆಯಬಾರದು ಅಂತಲೇ ಇಷ್ಟು ಹೇಳುತ್ತಿದ್ದೇನೆ. 1998ರಲ್ಲಿ ಅವನೇ ಆಂಟಿಗುವಾ ದ್ವೀಪದಲ್ಲಿ ವ್ಯಸನಿಗಳಿಗಾಗಿ ಕೇಂದ್ರ ಕಟ್ಟಿಸಿದ. ಮರುವರ್ಷ ತನ್ನ ಗಿಟಾರುಗಳನ್ನು ಹರಾಜಿಗಿಟ್ಟು ಅದಕ್ಕೆ ಹಣ ಕೂಡಿಸಿದ.

ಇನ್ನೊಂದು ಮಾತನ್ನು ನಿನ್ನ ಕೈ ಹಿಡಿದು ಹೇಳಬೇಕು. ಬ್ರೌನ್ ಶುಗರ್, ಅಂದರೆ ನೀನು ಬಿಟ್ಟ ಆ ಹೆರಾಯಿನ್, ಬಿಟ್ಟ ಕೆಲವೇ ವಾರಗಳಲ್ಲಿ ಮೈ ಅದನ್ನು ತಾಳುವ ಶಕ್ತಿ ಕಳೆದುಕೊಳ್ಳುತ್ತದೆ. "ಒಂದೇ ಸಲ" ಅಂತ ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಬಿಟ್ಟವರು ಸಾಯುವುದು ಹೆಚ್ಚಾಗಿ ಹೀಗೇ. ಷೋ ಮುಗಿದ ರಾತ್ರಿ, ಕಿವಿಯಲ್ಲಿ ಇನ್ನೂ ಗದ್ದಲ ಮೊಳಗುತ್ತಿರುವಾಗ, ಹಳೆಯ ಗೆಳೆಯನೊಬ್ಬ ಪಾರ್ಕಿಂಗ್‌ನಲ್ಲಿ ಕಾಯುತ್ತಿರುತ್ತಾನೆ. ನನಗೆ ಭಯವಿರುವುದು ಆ ಹೊತ್ತಿನದು. ಆಗ ನನಗೆ ಫೋನ್ ಮಾಡು. ನಾನು ಎತ್ತದಿದ್ದರೆ 14446, ಸರ್ಕಾರದ ಉಚಿತ ಸಹಾಯವಾಣಿ. ನಂಬರ್ ಈಗಲೇ ಸೇವ್ ಮಾಡಿಕೋ. ಡಾಕ್ಟರು ಕೊಟ್ಟ ಮಾತ್ರೆಯನ್ನು ನೀನಾಗಿಯೇ ನಿಲ್ಲಿಸಬೇಡ.

ಷೋ ಆರು ತಿಂಗಳು ಮುಂದೆ ಹೋಗಲಿ. ಸಂಘಟಕರಿಗೆ ನಾನೇ ಹೇಳುತ್ತೇನೆ. ನಾಳೆ ಬೆಳಿಗ್ಗೆ ಆರಕ್ಕೆ ಗಿಟಾರ್ ತಗೊಂಡು ನಮ್ಮ ಮನೆಗೆ ಬಾ, ಆಂಪ್ಲಿಫೈಯರ್ ಬೇಡ. ನಿಮ್ಮ ಕಾಕು ಅವಲಕ್ಕಿ ಮಾಡುತ್ತಾಳೆ. ಕೇಳಲಿಕ್ಕೆ ನಾವಿಬ್ಬರೇ ಇರುತ್ತೇವೆ.