ಮಗುವಿಗೆ ಒಂದು ಮಧ್ಯಾಹ್ನ ಬಿಟ್ಟುಕೊಡಿ

ಭಾನುವಾರ ಮಕ್ಕಳನ್ನು ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗುತ್ತೇವೆ ಎಂದಿರಿ, ಒಳ್ಳೆಯದು. ಆದರೆ ನಿಮ್ಮ ಪಟ್ಟಿ ಕೇಳಿಯೇ ನನಗೆ ಸುಸ್ತಾಯಿತು. ಬಾಲಭವನ, ಪುಟಾಣಿ ರೈಲು, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ಆಮೇಲೆ ಚರ್ಚ್ ಸ್ಟ್ರೀಟಿನಲ್ಲಿ ತಿಂಡಿ. ಇಷ್ಟನ್ನೂ ಒಂದೇ ಮಧ್ಯಾಹ್ನಕ್ಕೆ ತುರುಕಿದರೆ ಅದು ರಜೆಯಲ್ಲ, ಡ್ಯೂಟಿ. ಮಕ್ಕಳನ್ನೂ ಮೊಮ್ಮಕ್ಕಳನ್ನೂ ಆಡಿಸಿದವಳು ನಾನು. ನನ್ನ ಮಾತು ಒಂದೇ: ಅಲ್ಲಿಗೆ ಹೋದ ಮೇಲೆ ಮಗುವನ್ನು ನೋಡುತ್ತಿರಿ, ನಡೆಸಬೇಡಿ.

ಮ್ಯೂಸಿಯಂ ಇನ್ನೊಂದು ದಿನಕ್ಕಿರಲಿ. ರೈಲು ಓಡುತ್ತಿದ್ದರೆ ಹತ್ತಿಸಿ, ಕ್ಯೂ ಉದ್ದವಾಗಿದ್ದರೆ ಬಿಡಿ. ಮಗು ಬಿದಿರು ಮೆಳೆಯ ಬುಡದಲ್ಲಿ ಕೂತು ಇರುವೆ ಸಾಲು ನೋಡುತ್ತಿದ್ದರೆ ಎಬ್ಬಿಸಬೇಡಿ. ‘ಇದಕ್ಕಾ ಇಷ್ಟು ದೂರ ಬಂದದ್ದು’ ಅನ್ನಿಸೀತು. ಹೌದು, ಇದಕ್ಕೇ. 1870ರಲ್ಲಿ ಈ ಉದ್ಯಾನ ರೂಪಿಸಿದ ಎಂಜಿನಿಯರ್ ರಿಚರ್ಡ್ ಸ್ಯಾಂಕಿ. ಅಷ್ಟು ಹಳೆಯ ನೆರಳು ಊರ ನಡುವೆ ಉಳಿದಿದೆ, ನಿಮ್ಮ ಫ್ಲ್ಯಾಟಿನ ಸಿಮೆಂಟ್ ಅಂಗಳದಲ್ಲಿ ಅದು ಸಿಗದು.

ಇನ್ನು ಜಾರುಬಂಡೆ, ಉಯ್ಯಾಲೆಯ ವಿಷಯ. ಇಲ್ಲಿ ಪ್ರೀತಿಗಿಂತ ತಿಳಿವಳಿಕೆ ಬೇಕು.

ಎಳೆಯ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರಬೇಡಿ. ಕ್ಷೇಮವೆಂದೇ ಎಷ್ಟೋ ಜನ ಹಾಗೆ ಮಾಡುತ್ತಾರೆ. ಆದರೆ ಮಗುವಿನ ಶೂ ಜಾರುಬಂಡೆಯ ಅಂಚಿಗೆ ಸಿಕ್ಕಿಕೊಂಡರೆ ನಿಮ್ಮ ಮೈಭಾರದ ವೇಗ ನಿಲ್ಲುವುದಿಲ್ಲ, ಕಾಲು ತಿರುಚಿ ಮೊಣಕಾಲ ಕೆಳಗಿನ ಮೂಳೆ ಮುರಿಯಬಹುದು. ಮೂಳೆ ಡಾಕ್ಟರುಗಳಿಗೆ ಇದು ಪರಿಚಿತ ಪೆಟ್ಟು. ಒಂಟಿಯಾಗಿ ಜಾರುವ ಮಗುವಿನ ಕಾಲು ಸಿಕ್ಕಿಕೊಂಡರೂ ಅದರ ಪುಟ್ಟ ಭಾರಕ್ಕೆ ಅಷ್ಟು ಪೆಟ್ಟಾಗುವುದು ಅಪರೂಪ. ತಗಡಿನ ಜಾರುಬಂಡೆ ಬಿಸಿಲಿಗೆ ಕಾಯ್ದಿರುತ್ತದೆ, ಮೊದಲು ನಿಮ್ಮ ಅಂಗೈ ಹಿಂಬದಿ ಇಟ್ಟು ನೋಡಿ. ಕೊರಳಲ್ಲಿ ದುಪಟ್ಟಾ, ದಾರ ಇದ್ದರೆ ಬಿಚ್ಚಿಡಿ. ಉಯ್ಯಾಲೆಯ ಮುಂದೆ, ಹಿಂದೆ ಹಾಯಬಾರದೆಂದು ಒಮ್ಮೆ ಹೇಳಿ ತೋರಿಸಿ.

ಮಗು ತಾನೇ ಹತ್ತಲಾರದ ಎತ್ತರಕ್ಕೆ ನೀವು ಅದನ್ನು ಎತ್ತಿ ಕೂರಿಸಬೇಡಿ. ತಾನಾಗಿ ಹತ್ತಿದ ಮಗುವಿಗೆ ಪ್ರತಿ ಮೆಟ್ಟಿಲೂ ಗೊತ್ತಿರುತ್ತದೆ, ಇಳಿಯುವ ದಾರಿಯನ್ನೂ ಬಹುಮಟ್ಟಿಗೆ ತಾನೇ ಹುಡುಕುತ್ತದೆ. ಎತ್ತಿಟ್ಟ ಮಗು ಮೇಲೆಯೇ ಹೆದರಿ ಕೂರುತ್ತದೆ. ಕೆಳಗೆ ನಿಂತಿರಿ, ಕಣ್ಣಿಡಿ. ‘ಬೀಳ್ತೀಯಾ, ಬೀಳ್ತೀಯಾ’ ಎಂದು ಕೂಗಬೇಡಿ. ಕೈ ಎಲ್ಲಿ ಹಿಡಿಯಬೇಕೆಂದು ಹೇಳಿ. ಮೊಣಕಾಲು ತರಚಿದರೆ ನೀರಲ್ಲಿ ತೊಳೆದು ಮತ್ತೆ ಆಟಕ್ಕೆ ಬಿಡಿ. ಮಂಡಿ ತರಚದೆ ಬೆಳೆದವರು ಯಾರಿದ್ದಾರೆ?

ಉಯ್ಯಾಲೆಗೆ ಇನ್ನೊಂದು ಮಗು ಕಾದಿದ್ದರೆ ನಿಮ್ಮ ಮಗು ಇಳಿದು ಕೊಡಲಿ. ಜಗಳವಾದರೆ ಎರಡು ನಿಮಿಷ ಸುಮ್ಮನಿರಿ, ಹೊಡೆದಾಟಕ್ಕೆ ತಿರುಗಿದರೆ ಮಾತ್ರ ನಡುವೆ ಹೋಗಿ. ತಮಿಳು, ತೆಲುಗು, ಉರ್ದು, ಹಿಂದಿ ಎಲ್ಲ ಮಾತಿನ ಮಕ್ಕಳೂ ಅಲ್ಲಿ ಸೇರುತ್ತವೆ. ಭಾಷೆ ಬಾರದಿದ್ದರೂ ಮುಟ್ಟಾಟ ಶುರುವಾಗಿಬಿಡುತ್ತದೆ. ಮಾಸಿದ ಬಟ್ಟೆಯ ಹುಡುಗ ಜೊತೆಗೆ ಬಂದರೆ ನಿಮ್ಮ ಮಗುವಿನ ಕೈ ಎಳೆದುಕೊಳ್ಳಬೇಡಿ. ನೀವು ಎಳೆದದ್ದೇ ಅದು ಕಲಿಯುವ ಪಾಠ.

ಫೋನಿನ ಮಾತು ಹೇಳದೆ ಇರಲಾರೆ. ಎರಡು ಫೋಟೊ ತೆಗೆದು ಚೀಲಕ್ಕೆ ಹಾಕಿ. ‘ಮತ್ತೊಮ್ಮೆ ಜಾರು, ಈಗ ನಗು’ ಎಂದು ಆಟವನ್ನು ಶೂಟಿಂಗ್ ಮಾಡಬೇಡಿ. ಮಗು ಮೇಲಿನಿಂದ ‘ಅಮ್ಮಾ, ನೋಡು’ ಎಂದಾಗ ನಿಮ್ಮ ಕಣ್ಣು ಸಿಗಬೇಕು, ಅಷ್ಟೇ ಅದಕ್ಕೆ ಬೇಕಾದದ್ದು.

ಹೊರಡುವ ಹೊತ್ತಿಗೆ ರಂಪ ಖಂಡಿತ. ಗಡಿಯಾರದ ಲೆಕ್ಕ ಸಣ್ಣ ಮಕ್ಕಳಿಗೆ ತಿಳಿಯದು. ‘ಇನ್ನು ಮೂರು ಸಲ ಜಾರು, ಆಮೇಲೆ ಮನೆ’ ಎನ್ನಿ. ಮೂರಾದ ಮೇಲೆ ಹೊರಡಿ. ಅತ್ತಿತೆಂದು ನಾಲ್ಕನೆಯದನ್ನು ಕೊಟ್ಟರೆ ಮುಂದಿನ ವಾರ ನಿಮ್ಮ ಮಾತಿಗೆ ಬೆಲೆಯಿಲ್ಲ. ತಿಂದ ಕಡಲೆಕಾಯಿ ಸಿಪ್ಪೆ, ಚಿಪ್ಸ್ ಕವರು ಎಲ್ಲವನ್ನೂ ಮಗುವಿನ ಕೈಯಲ್ಲೇ ಬುಟ್ಟಿಗೆ ಹಾಕಿಸಿ. ಹೋಗುವಾಗಲೂ ಬರುವಾಗಲೂ ಮೆಟ್ರೊ ಹಿಡಿಯಿರಿ. ಕಬ್ಬನ್ ಪಾರ್ಕ್ ನಿಲ್ದಾಣ ಹತ್ತಿರದಲ್ಲೇ ಇದೆ, ಕಾರು ನಿಲ್ಲಿಸುವ ತಾಪತ್ರಯ ಇರದು.

ಐದು ವರ್ಷ ದಾಟಿದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಟ ಮಗುವಿನ ಹಕ್ಕೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಹೇಳಿದೆ, 1992ರಲ್ಲಿ ಭಾರತವೂ ಅದನ್ನು ಒಪ್ಪಿದೆ. ವಾರಕ್ಕೊಂದು ಭಾನುವಾರದಲ್ಲಿ ಇದೆಲ್ಲ ತೀರುವುದಿಲ್ಲ. ಕಬ್ಬನ್ ಪಾರ್ಕು ದೂರವಾದರೆ ನಿಮ್ಮ ಬಡಾವಣೆಯ ಪುಟ್ಟ ಪಾರ್ಕು ಸಾಕು. ಇವತ್ತು ಸಂಜೆಯೇ ಕರೆದುಕೊಂಡು ಹೋಗಿ.