ಹೊಟ್ಟೆಯೊಳಗಿನ ಮಗುವಿನ ಮಿಸುಕಾಟ ಕಡಿಮೆಯಾದರೆ ಏನು ಮಾಡಬೇಕು?



ಗಬ್ಬದ ಹಸುವಿಗೆ ದಿನ ತುಂಬುತ್ತಾ ಬಂದರೆ ನೀವು ರಾತ್ರಿ ಎರಡು ಸಲ ಎದ್ದು ಕೊಟ್ಟಿಗೆಗೆ ಹೋಗಿ ನೋಡುತ್ತೀರಿ. ಕೆಚ್ಚಲು ಬಿಗಿದಿದೆಯೇ, ಮೇವು ಬಿಟ್ಟಿದೆಯೇ ಎಂದು ಗಮನಿಸುತ್ತೀರಿ. ಹಸುವಿಗೂ ಹೆಂಗಸಿಗೂ ಗರ್ಭದ ಅವಧಿ ಹೆಚ್ಚುಕಡಿಮೆ 280 ದಿನಗಳೇ. ಆದರೆ ಮನೆಯ ಬಸುರಿ ಸೊಸೆ "ಅತ್ತೆ, ಇವತ್ತು ಮಗು ಯಾಕೋ ಅಷ್ಟಾಗಿ ಮಿಸುಕಾಡ್ತಿಲ್ಲ" ಎಂದರೆ, "ದಿನ ತುಂಬಿದ ಮೇಲೆ ಹಾಗೇ ಕಣವ್ವ" ಎಂದು ಸುಮ್ಮನಾಗುವುದುಂಟು. ಈ ನಂಬಿಕೆ ತಪ್ಪು.

ಸಹಜ ಮಿಸುಕಾಟ ಹೇಗಿರುತ್ತದೆ?

ಚೊಚ್ಚಲ ಬಸುರಿಗೆ ಸಾಮಾನ್ಯವಾಗಿ 18ರಿಂದ 20ನೇ ವಾರದಲ್ಲಿ ಮಿಸುಕಾಟ ತಿಳಿಯುತ್ತದೆ. 28ನೇ ವಾರದ ಹೊತ್ತಿಗೆ ಪ್ರತಿ ಮಗುವಿಗೂ ತನ್ನದೇ ಒಂದು ರೂಢಿ ಬರುತ್ತದೆ. ಮಗು ನಿದ್ರಿಸುವಾಗ 20ರಿಂದ 40 ನಿಮಿಷ ಅಲುಗದಿರುವುದು ಸಹಜ. ಒಂದೂವರೆ ಗಂಟೆ ಮೀರುವುದು ಅಪರೂಪ. ದಿನ ತುಂಬಿದಾಗ ಒದೆಯುವ ಬದಲು ಹೊರಳುವುದು ಹೆಚ್ಚಾಗಬಹುದು. ಆದರೆ ಮಿಸುಕಾಟ ಕಡಿಮೆಯಾಗಬಾರದು.

ಕಡಿಮೆಯಾಗುವುದೇಕೆ?

ಮಗುವಿಗೆ ಆಹಾರ, ಆಮ್ಲಜನಕ ಬರುವುದು ಮಾಸಿನ ಮೂಲಕ. ರಕ್ತದೊತ್ತಡ ಮುಂತಾದ ಕಾರಣಗಳಿಂದ ಈ ಪೂರೈಕೆ ಕುಗ್ಗಿದರೆ ಮಗು ಶಕ್ತಿ ಉಳಿಸಿಕೊಳ್ಳಲು ಅಲುಗಾಟ ಕಡಿಮೆ ಮಾಡುತ್ತದೆ. ಆಗ ಎದೆಬಡಿತ ಇನ್ನೂ ನಡೆಯುತ್ತಿರುತ್ತದೆ. ಮಗುವನ್ನು ಉಳಿಸಿಕೊಳ್ಳಲು ನಮಗೆ ಸಿಗುವ ಕಾಲ ಇದೇ.

ಮನೆಯಲ್ಲಿ ಮಾಡಬೇಕಾದ್ದು

1. ಅನುಮಾನ ಬಂದ ಕೂಡಲೇ ಕೆಲಸ ಬಿಟ್ಟು, ಎಡಮಗ್ಗುಲಿಗೆ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟು ಎಣಿಸಿ.

2. ಎರಡು ಗಂಟೆಯೊಳಗೆ 10 ಸಲ ಮಿಸುಕಾಡದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ.

3. ಲೆಕ್ಕ ಹತ್ತಾದರೂ ದಿನದ ರೂಢಿಗಿಂತ ಕಡಿಮೆ ಎನಿಸಿದರೆ ಹೋಗಿ ತೋರಿಸಿ. ತಾಯಿಯ ಅನಿಸಿಕೆಯೇ ಮುಖ್ಯ.

4. ಮಿಸುಕಾಟ ಪೂರ್ತಿ ನಿಂತಿದ್ದರೆ, ರಕ್ತ ಅಥವಾ ನೀರು ಹೋಗುತ್ತಿದ್ದರೆ, ತೀವ್ರ ತಲೆನೋವು, ಕಣ್ಣು ಮಂಜು ಇದ್ದರೆ ಎಣಿಸುತ್ತಾ ಕೂರಬೇಡಿ.

"ಡೇರಿಗೆ ಹಾಲು ಹಾಕಿ ಬಂದ ಮೇಲೆ ನೋಡೋಣ", "ಬೆಳಗಾಗಲಿ" ಎನ್ನಬೇಡಿ.

ಆಸ್ಪತ್ರೆಯಲ್ಲಿ ಏನು ನೋಡುತ್ತಾರೆ?

ತಾಯಿಯ ರಕ್ತದೊತ್ತಡ ಹಾಗೂ ಮಗುವಿನ ಎದೆಬಡಿತ ನೋಡುತ್ತಾರೆ. ಬಡಿತ ನಿಮಿಷಕ್ಕೆ 110ರಿಂದ 160 ಇರಬೇಕು. ಸುಮಾರು 20 ನಿಮಿಷ ಯಂತ್ರದ ಪಟ್ಟಿ ಕಟ್ಟಿ, ಮಗು ಅಲುಗಿದಾಗ ಬಡಿತ ಏರುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಬೇಕಾದರೆ ಸ್ಕ್ಯಾನ್ ಮಾಡಿ ಮಗುವಿನ ಬೆಳವಣಿಗೆ ಮತ್ತು ಗರ್ಭದ ನೀರನ್ನು ಅಳೆಯುತ್ತಾರೆ. ಹೆಚ್ಚಿನವರಿಗೆ ಎಲ್ಲವೂ ಸರಿಯಿದೆ ಎಂದೇ ತಿಳಿಯುತ್ತದೆ. ತೊಂದರೆಯಿದ್ದರೆ ಬೇಗ ಹೆರಿಗೆ ಮಾಡಿಸುತ್ತಾರೆ. ಮನೆಗೆ ಬಂದ ಮೇಲೆ ಮತ್ತೆ ಕಡಿಮೆಯಾದರೆ ಸಂಕೋಚವಿಲ್ಲದೆ ಮತ್ತೆ ಹೋಗಿ.

ಎಲ್ಲಿಗೆ ಹೋಗಬೇಕು?

ಆತಗೂರು ಹೋಬಳಿಯವರಿಗೆ ಮದ್ದೂರಿನ ತಾಲ್ಲೂಕು ಆಸ್ಪತ್ರೆಯಿದೆ. ಹೆಚ್ಚಿನ ಚಿಕಿತ್ಸೆಗೆ ಮಂಡ್ಯದ ಮಿಮ್ಸ್ ಇದೆ. ವಾಹನಕ್ಕೆ 108ಕ್ಕೆ ಫೋನ್ ಮಾಡಿ, ಆಶಾ ಕಾರ್ಯಕರ್ತೆಗೂ ತಿಳಿಸಿ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಯೋಜನೆಯಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಆಪರೇಷನ್, ಔಷಧಿ, ಪರೀಕ್ಷೆಗಳು ಉಚಿತ. ತಾಯಿ ಕಾರ್ಡನ್ನು ಕೈಗೆ ಸಿಗುವ ಜಾಗದಲ್ಲಿಡಿ.

ಕೊಟ್ಟಿಗೆಯಲ್ಲಿ ತೋರುವ ಎಚ್ಚರವನ್ನು ನಡುಮನೆಯಲ್ಲೂ ತೋರಿ. ಈ ಲೇಖನವನ್ನು ಮನೆಯ ಹಿರಿಯರಿಗೂ ಓದಿ ಹೇಳಿ.